ಹೊಸ ಲಿಫ್ಟ್, ಹೊಸಬರಿಗೆ ಹೊಸ ಇಳಿಜಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೀ ರೆಸಾರ್ಟ್ ಒಂದು ಹೊಸ ಲಿಫ್ಟ್ (ಜಾರುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಸಾಧನ) ಹಾಕಿ, ಕಲಿಯುವವರ ಜಾಗವನ್ನೂ ದೊಡ್ಡದು ಮಾಡಿದರೆ ಜನ ಕೇಳುವ ಪ್ರಶ್ನೆಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೊದಲ ಸಲ ಹಿಮದ ಮೇಲೆ ಕಾಲಿಡುವವರು, ಮಕ್ಕಳನ್ನು ಕರೆದುಕೊಂಡು ಹೋಗುವವರು, ಒಂದೆರಡು ದಿನ ಕಲಿತು ಭಯದಿಂದ ಅಲ್ಲಿಗೇ ಬಿಟ್ಟವರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ.

ಹೊಸಬರ ಜಾಗ ದೊಡ್ಡದಾಯ್ತು ಅಂದರೆ ನಿಜಕ್ಕೂ ಏನು ಬದಲಾಗುತ್ತದೆ?

ಹಳೆಯ ರೆಸಾರ್ಟ್‌ಗಳಲ್ಲಿ ಹೊಸಬರಿಗೆ ಸಿಗುತ್ತಿದ್ದದ್ದು ಬೆಟ್ಟದ ಬುಡದಲ್ಲಿ ಒಂದು ಚಿಕ್ಕ ಅಂಗಳದಷ್ಟು ಜಾಗ. ಅಲ್ಲಿ ಒಂದು ದಿನ ಜಾರಿದರೆ ಸಾಕು, ಬೇಜಾರಾಗುತ್ತದೆ. ಆದರೆ ಮುಂದಿನ ಮೆಟ್ಟಿಲು ಎಲ್ಲಿದೆ ಅಂತ ನೋಡಿದರೆ ಬೆಟ್ಟದ ತುದಿಯಲ್ಲಿರುತ್ತಿತ್ತು. ನಡುವೆ ಏನೂ ಇಲ್ಲ. ಎಷ್ಟೋ ಜನ ಸ್ಕೀಯಿಂಗ್ ಬಿಟ್ಟುಬಿಡುವುದು ಈ ನಡುವಿನ ಖಾಲಿ ಜಾಗದಲ್ಲೇ.

ನನಗೂ ಹಾಗೇ ಆಗಿತ್ತು. ಕಲಿಯುವ ಶುರುವಿನಲ್ಲಿ ಒಂದು ಕಡೆ "ಇದು ಹೊಸಬರ ಲಿಫ್ಟ್" ಅಂತ ಹೇಳಿ ಹತ್ತಿಸಿದರು. ಮೇಲಿನ ಅರ್ಧ ದಾರಿ ಚೆನ್ನಾಗಿಯೇ ಇತ್ತು. ಆಮೇಲೆ ಆ ದಾರಿ ಒಂದು ತಿರುವು ದಾಟಿ, ವೇಗವಾಗಿ ಇಳಿಯುವವರ ದೊಡ್ಡ ಟ್ರೇಲ್‌ಗೆ (ಜಾರುವ ದಾರಿಗೆ) ಹೋಗಿ ಸೇರಿಬಿಟ್ಟಿತು. ಎಡಕ್ಕೂ ಬಲಕ್ಕೂ ಜನ ಸುಯ್ ಅಂತ ಹೋಗುತ್ತಿದ್ದರು. ನಾನು ಅಂಚಿನಲ್ಲಿ ಸ್ಕೀ ಬಿಚ್ಚಿ, ಕೈಯಲ್ಲಿ ಹಿಡಿದು, ನಡೆದುಕೊಂಡೇ ಕೆಳಗಿಳಿದೆ. ಅವತ್ತು ನನ್ನನ್ನು ಹೆದರಿಸಿದ್ದು ಇಳಿಜಾರಲ್ಲ, ಆ ಕೂಡುದಾರಿ.

ಅದಕ್ಕೇ ನಾನು ಯಾವ ವಿಸ್ತರಣೆಯನ್ನಾದರೂ ಒಂದೇ ಪ್ರಶ್ನೆ ಇಟ್ಟು ನೋಡುತ್ತೇನೆ. ಲಿಫ್ಟ್ ಇಳಿದ ಜಾಗದಿಂದ ಮತ್ತೆ ಲಿಫ್ಟ್ ಹತ್ತುವ ಜಾಗದವರೆಗೆ, ಪೂರ್ತಿ ದಾರಿ ಹೊಸಬರದ್ದೇನಾ? ಹೌದು ಅಂದರೆ ಅದು ನಿಜವಾದ ವಿಸ್ತರಣೆ. ಮಧ್ಯದಲ್ಲಿ ಬೇರೆಯವರ ದಾರಿ ದಾಟಲೇಬೇಕು ಅಂದರೆ, ಎಷ್ಟು ಎಕರೆ ಸೇರಿಸಿದರೂ ಹೊಸಬರಿಗೆ ಆಗುವ ಲಾಭ ಕಡಿಮೆ.

ಹೊಸಬರ ಇಳಿಜಾರು ಎಷ್ಟು ಕಡಿದಾಗಿರುತ್ತದೆ?

ಇಳಿಜಾರನ್ನು ಶೇಕಡಾದಲ್ಲಿ ಅಳೆಯುತ್ತಾರೆ. ಅಡ್ಡಕ್ಕೆ 100 ಮೀಟರ್ ಹೋದಾಗ 25 ಮೀಟರ್ ಕೆಳಗಿಳಿದರೆ ಅದು ಶೇ 25, ಅಂದರೆ ಸುಮಾರು 14 ಡಿಗ್ರಿ. ಉತ್ತರ ಅಮೆರಿಕದಲ್ಲಿ ಸುಲಭ ಅಂತ ತೋರಿಸುವ ಹಸಿರು ವೃತ್ತದ ಗುರುತಿನ ಟ್ರೇಲ್‌ಗಳು ಸಾಮಾನ್ಯವಾಗಿ ಇದರೊಳಗೇ ಇರುತ್ತವೆ. ಮೊದಲ ದಿನ ಕಲಿಸುವ ಜಾಗ ಇದರ ಅರ್ಧದಷ್ಟೂ ಇರುವುದಿಲ್ಲ. ಶೇ 100 ಅಂದರೆ ನೆಟ್ಟಗೆ ಗೋಡೆ ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಅದು 45 ಡಿಗ್ರಿ ಅಷ್ಟೇ.

ಹಸಿರು ಗುರುತು ಎಲ್ಲ ಕಡೆ ಒಂದೇನಾ?

ಇಲ್ಲ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಯುರೋಪಿನಲ್ಲಿ ನೀಲಿ, ಕೆಂಪು, ಕಪ್ಪು ಅನ್ನುವ ಕ್ರಮ ಇದೆ. ಫ್ರಾನ್ಸ್, ಸ್ಪೇನ್‌ನಂಥ ಕೆಲವು ದೇಶಗಳಲ್ಲಿ ನೀಲಿಗಿಂತ ಸುಲಭಕ್ಕೆ ಹಸಿರು ಸೇರಿಸಿದ್ದಾರೆ. ಹಾಗಾಗಿ ಯುರೋಪಿನ ನೀಲಿಯನ್ನು ಅಮೆರಿಕದ ನೀಲಿ ಅಂತ ಅಂದುಕೊಳ್ಳಬೇಡಿ.

ಇನ್ನೊಂದು ವಿಷಯ. ಉತ್ತರ ಅಮೆರಿಕದಲ್ಲಿ ಈ ಗುರುತು ಆ ಬೆಟ್ಟದ ಮಟ್ಟಿಗೆ ಮಾತ್ರ. ಅಲ್ಲಿರುವ ಬೇರೆ ಟ್ರೇಲ್‌ಗಳಿಗೆ ಹೋಲಿಸಿ ಇದು ಸುಲಭ ಅಂತ ಅರ್ಥ. ಒಂದು ಬೆಟ್ಟದ ಹಸಿರು ಇನ್ನೊಂದು ಬೆಟ್ಟದಲ್ಲಿ ನೀಲಿ ಆಗಿರಬಹುದು. ಹೊಸ ಜಾಗಕ್ಕೆ ಹೋದ ದಿನ ನಿಮ್ಮ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿನಿಂದ ಶುರು ಮಾಡಿ.

ಇಳಿಜಾರು ಕಡಿಮೆ ಇದ್ದರೆ ಸಾಕಲ್ವಾ?

ಸಾಲದು. ಅಗಲ ಬೇಕು. ಹೊಸಬರು ಎಡಕ್ಕೂ ಬಲಕ್ಕೂ ಉದ್ದುದ್ದ ತಿರುಗುತ್ತಾ ಇಳಿಯುತ್ತಾರೆ, ವೇಗ ಕಡಿಮೆ ಮಾಡಿಕೊಳ್ಳುವುದು ಹಾಗೇ. ದಾರಿ ಕಿರಿದಾದರೆ ತಿರುಗಲು ಜಾಗ ಸಿಗದೆ ನೇರ ಇಳಿಯಬೇಕಾಗುತ್ತದೆ, ವೇಗ ಕೈಮೀರುತ್ತದೆ.

ಪಕ್ಕಕ್ಕೆ ವಾಲಿರಬಾರದು. ದಾರಿ ಒಂದು ಕಡೆ ಹೋಗುತ್ತಿದ್ದು ನೆಲ ಇನ್ನೊಂದು ಕಡೆ ವಾಲಿದ್ದರೆ, ಸ್ಕೀ ನಿಮ್ಮನ್ನು ಅಂಚಿನ ಮರಗಳ ಕಡೆಗೇ ಎಳೆಯುತ್ತಾ ಇರುತ್ತದೆ. ಹೊಸಬರಿಗೆ ಇದು ಕಡಿದಾದ ಇಳಿಜಾರಿಗಿಂತ ಕಷ್ಟ. ಒಳ್ಳೆಯ ಕಡೆ ಬೇಸಿಗೆಯಲ್ಲೇ ಮಣ್ಣು ಸರಿಸಿ ನೆಲವನ್ನು ಸಮ ಮಾಡುತ್ತಾರೆ. ಹಿಮ ಬಿದ್ದ ಮೇಲೆ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಜಾರುವವರ ಕಾಲಿಗೆ ಗೊತ್ತಾಗುತ್ತದೆ.

ಕೊನೆಗೆ, ನಿಲ್ಲುವ ಜಾಗ. ಇಳಿಜಾರಿನ ಬುಡ ಸಮವಾಗಿ, ಸಾಧ್ಯವಾದರೆ ಸ್ವಲ್ಪ ಮೇಲಕ್ಕೆ ಏರಿದಂತೆ ಇರಬೇಕು. ಆಗ ಬ್ರೇಕ್ ಹಾಕಲು ಬಾರದವರೂ ತಾವಾಗಿಯೇ ನಿಲ್ಲುತ್ತಾರೆ. ಮೊದಲ ಸಲ ಜಾರುವವರ ಮುಖವನ್ನು ಆ ಜಾಗದಲ್ಲಿ ನಿಂತು ನೋಡಬೇಕು. ಮೇಲಿಂದ ಬರುವಾಗ ಹಲ್ಲು ಕಚ್ಚಿಕೊಂಡಿರುತ್ತಾರೆ. ಸ್ಕೀ ನಿಧಾನವಾಗಿ, ಇನ್ನೂ ನಿಧಾನವಾಗಿ ನಿಂತ ಕ್ಷಣ, ತಾವೇ ನಿಲ್ಲಿಸಿದೆವು ಅನ್ನುವ ಹಾಗೆ ಸುತ್ತ ನೋಡುತ್ತಾರೆ. ಎರಡನೇ ಸಲ ಜಾರುವ ಧೈರ್ಯ ಬರುವುದು ಅಲ್ಲಿಂದ. ಈಗೀಗ ಹಿಮವನ್ನೇ ಉಬ್ಬು, ತಗ್ಗು, ಬಾಗಿದ ತಿರುವುಗಳ ಆಕಾರಕ್ಕೆ ತಂದು, ಬೆಟ್ಟವೇ ವೇಗ ತಗ್ಗಿಸುವಂತೆ ಮಾಡಿ ಕಲಿಸುವ ಪದ್ಧತಿಯೂ ಹಲವು ಕಡೆ ಬಂದಿದೆ.

ಹೊಸ ಲಿಫ್ಟ್ ಹಳೆಯದಕ್ಕಿಂತ ಹೇಗೆ ಬೇರೆ?

ಓಡುವ ಹಗ್ಗಕ್ಕೆ ತೂಗುಬಿಟ್ಟ ಕುರ್ಚಿಯಲ್ಲಿ ಕೂತು ಮೇಲೇರುವ ಚೇರ್ ಲಿಫ್ಟ್ ಮೊದಲು ಬಂದದ್ದು 1936ರಲ್ಲಿ, ಅಮೆರಿಕದ ಐಡಹೊ ರಾಜ್ಯದ ಸನ್ ವ್ಯಾಲಿಯಲ್ಲಿ. ಅದನ್ನು ರೂಪಿಸಿದವರು ಯೂನಿಯನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್ ಜೇಮ್ಸ್ ಕರ್ರನ್. ಹಡಗಿಗೆ ಬಾಳೆಗೊನೆ ತುಂಬಲು ಕೊಕ್ಕೆಗಳಿದ್ದ ಹಗ್ಗದ ಸಾಲೊಂದನ್ನು ಬಳಸುತ್ತಿದ್ದರು. ಕರ್ರನ್ ಆ ಕೊಕ್ಕೆಯ ಜಾಗದಲ್ಲಿ ಕುರ್ಚಿ ಇಟ್ಟರು. ಅದಕ್ಕೂ ಎರಡು ವರ್ಷ ಮೊದಲು, 1934ರಲ್ಲಿ, ಸ್ವಿಟ್ಜರ್ಲೆಂಡ್‌ನ ದಾವೋಸ್‌ನಲ್ಲಿ ಜನರನ್ನು ನಿಂತಂತೆಯೇ ಮೇಲಕ್ಕೆ ಎಳೆಯುವ ಲಿಫ್ಟ್ ಶುರುವಾಗಿತ್ತು.

ಹಳೆಯ ಬಗೆಯ ಚೇರ್ ಲಿಫ್ಟ್‌ನಲ್ಲಿ ಕುರ್ಚಿ ಉಕ್ಕಿನ ಹಗ್ಗಕ್ಕೆ ಖಾಯಂ ಆಗಿ ಕಚ್ಚಿಕೊಂಡಿರುತ್ತದೆ. ಹಗ್ಗ ಎಷ್ಟು ವೇಗದಲ್ಲಿ ಓಡುತ್ತದೋ ಅಷ್ಟೇ ವೇಗದಲ್ಲಿ ಕುರ್ಚಿ ನಿಮ್ಮ ಹಿಂದೆ ಬರುತ್ತದೆ. ಅದಕ್ಕೇ ಇಡೀ ಲಿಫ್ಟನ್ನು ಸೆಕೆಂಡಿಗೆ 2ರಿಂದ 2.5 ಮೀಟರ್‌ನಲ್ಲೇ ಓಡಿಸಬೇಕು. ಹೊಸ ಬಗೆಯದರಲ್ಲಿ ಕುರ್ಚಿಯ ಹಿಡಿತ ನಿಲ್ದಾಣದೊಳಗೆ ಹಗ್ಗವನ್ನು ಬಿಟ್ಟುಬಿಡುತ್ತದೆ. ಹಗ್ಗ ತನ್ನ ಪಾಡಿಗೆ ಸೆಕೆಂಡಿಗೆ 5 ಮೀಟರ್‌ನಂತೆ ಓಡುತ್ತಲೇ ಇರುತ್ತದೆ. ಕುರ್ಚಿ ಮಾತ್ರ ಸಾಲು ಟೈರುಗಳು ತಳ್ಳಿದಂತೆ ತೆವಳುತ್ತಾ, ಸೆಕೆಂಡಿಗೆ ಸುಮಾರು 1 ಮೀಟರ್‌ನಲ್ಲಿ ನಿಮ್ಮ ಮುಂದೆ ಬರುತ್ತದೆ. ನೀವು ಕುಳಿತ ಮೇಲೆ ವೇಗ ಹಿಡಿದು ಮತ್ತೆ ಹಗ್ಗವನ್ನು ಕಚ್ಚಿಕೊಳ್ಳುತ್ತದೆ. ನಾಲ್ಕು ಜನ ಕೂರುವ ಇಂಥ ವೇಗದ ಲಿಫ್ಟ್ 1981ರಲ್ಲಿ ಕೊಲೊರಾಡೊದ ಬ್ರೆಕೆನ್‌ರಿಜ್‌ನಲ್ಲಿ ಮೊದಲು ಬಂತು.

ಇದರಿಂದ ಹೊಸಬರಿಗೆ ಎರಡು ಲಾಭ. ಹತ್ತುವಾಗ ಇಳಿಯುವಾಗ ಕುರ್ಚಿ ನಿಧಾನ. ದಾರಿಯಲ್ಲಿ ಬೇಗ. 1,000 ಮೀಟರ್ ಉದ್ದದ ದಾರಿಗೆ ಹಳೆಯದು ಆರೂವರೆ ನಿಮಿಷಕ್ಕಿಂತ ಜಾಸ್ತಿ ತೆಗೆದುಕೊಂಡರೆ, ಹೊಸದಕ್ಕೆ ಮೂರೂವರೆ ನಿಮಿಷ ಸಾಕು. ಚಳಿಗಾಳಿಯಲ್ಲಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡವರಿಗೆ ಆ ಮೂರು ನಿಮಿಷದ ಬೆಲೆ ಗೊತ್ತು.

ವೇಗದ ಲಿಫ್ಟ್ ಬಂತು ಅಂದರೆ ಕ್ಯೂ ಕರಗುತ್ತದಾ?

ಬರೀ ವೇಗದಿಂದ ಕರಗುವುದಿಲ್ಲ. ಲೆಕ್ಕ ಸುಲಭ. ನಾಲ್ಕು ಜನ ಕೂರುವ ಕುರ್ಚಿ 6 ಸೆಕೆಂಡಿಗೊಂದು ಬಂದರೆ ಗಂಟೆಗೆ 600 ಕುರ್ಚಿ, 2,400 ಜನ. ಹಗ್ಗ ನಿಧಾನ ಓಡಲಿ, ಜೋರಾಗಿ ಓಡಲಿ, ಆ 6 ಸೆಕೆಂಡಿನ ಅಂತರ ಬದಲಾಗದಿದ್ದರೆ ಸಂಖ್ಯೆಯೂ ಬದಲಾಗುವುದಿಲ್ಲ. ವೇಗದ ಲಿಫ್ಟ್‌ನಲ್ಲಿ ಕುರ್ಚಿಗಳು ದೂರ ದೂರ ಇರುತ್ತವೆ ಅಷ್ಟೇ.

ಆದರೂ ಕ್ಯೂ ಕಡಿಮೆ ಆಗುವುದುಂಟು. ಹೊಸಬರು ಹತ್ತುವಾಗ ಎಡವಿದರೆ ಲಿಫ್ಟ್ ನಿಲ್ಲಿಸಬೇಕಾಗುತ್ತದೆ, ಹಳೆಯ ಲಿಫ್ಟ್‌ಗಳು ಹೀಗೆ ನಿಲ್ಲುತ್ತಲೇ ಇರುತ್ತವೆ. ಕುರ್ಚಿ ನಿಧಾನವಾಗಿ ಬಂದರೆ ಎಡವುವುದು ಕಡಿಮೆ, ನಿಲ್ಲಿಸುವುದೂ ಕಡಿಮೆ. ಇನ್ನು ಲಿಫ್ಟ್ ಜಾಸ್ತಿ ಜನರನ್ನು ಮೇಲೆ ಹಾಕಿದರೆ ಕೆಳಗಿನ ದಾರಿಯಲ್ಲೂ ಅಷ್ಟು ಜನರಿಗೆ ಜಾಗ ಬೇಕಲ್ವಾ? ಲಿಫ್ಟ್ ಮಾತ್ರ ದೊಡ್ಡದು ಮಾಡಿ ಇಳಿಜಾರನ್ನು ಹಾಗೇ ಬಿಟ್ಟರೆ, ಕ್ಯೂನಲ್ಲಿದ್ದ ಗುಂಪು ಹಿಮದ ಮೇಲೆ ಬರುತ್ತದೆ. ಎರಡನ್ನೂ ಒಟ್ಟಿಗೆ ಮಾಡಬೇಕು ಅನ್ನುವುದು ಅದಕ್ಕೇ.

ಮೊದಲ ಸಲ ಚೇರ್ ಲಿಫ್ಟ್ ಹತ್ತುವುದು ಹೇಗೆ?

ಹೊಸಬರಿಗೆ ಇಳಿಜಾರಿಗಿಂತ ಮುಂಚೆ ಭಯ ಹುಟ್ಟಿಸುವುದು ಇದೇ. ಹತ್ತುವ ಮುಂಚೆ ಎರಡು ನಿಮಿಷ ಪಕ್ಕದಲ್ಲಿ ನಿಂತು ಬೇರೆಯವರು ಹೇಗೆ ಕೂರುತ್ತಾರೆ ನೋಡಿ. ಬೆನ್ನಿನ ಬ್ಯಾಗು ತೆಗೆದು ಮುಂದೆ ಹಿಡಿದುಕೊಳ್ಳಿ. ಪೋಲ್‌ಗಳ (ಕೈಯಲ್ಲಿ ಹಿಡಿಯುವ ಕೋಲುಗಳ) ಪಟ್ಟಿಯನ್ನು ಮಣಿಕಟ್ಟಿನಿಂದ ಬಿಚ್ಚಿ, ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಿರಿ. ಸಡಿಲವಾದ ಶಾಲು, ಪಟ್ಟಿ, ಉದ್ದ ಕೂದಲು ಎಲ್ಲ ಒಳಗೆ ಸೇರಿಸಿ.

ಗೇಟು ತೆರೆದ ತಕ್ಷಣ ನೆಲದ ಮೇಲಿನ ಗೆರೆಯವರೆಗೆ ಹೋಗಿ ನಿಲ್ಲಿ. ಸ್ಕೀ ಎರಡೂ ನೇರ ಇರಲಿ. ತಲೆ ತಿರುಗಿಸಿ ಕುರ್ಚಿ ಬರುವುದನ್ನು ನೋಡಿ. ಮೊಣಕಾಲ ಹಿಂದೆ ಅದು ಮೆತ್ತಗೆ ತಟ್ಟಿದಾಗ ಕುಳಿತುಬಿಡಿ, ಬೆನ್ನನ್ನು ಪೂರ್ತಿ ಹಿಂದಕ್ಕೆ ಒರಗಿಸಿ. ಆಮೇಲೆ ಪಕ್ಕದವರಿಗೆ ಹೇಳಿ, ಮುಂದಕ್ಕೆ ಬೀಳದಂತೆ ತಡೆಯುವ ಬಾರ್ ಇಳಿಸಿ. ಕುಳಿತ ಮೊದಲ ಕೆಲವು ಸೆಕೆಂಡು ಸ್ಕೀ ತುದಿ ಮೇಲಕ್ಕಿರಲಿ, ಇಲ್ಲದಿದ್ದರೆ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ.

ಸಿಬ್ಬಂದಿಗೆ "ನನಗಿದು ಮೊದಲ ಸಲ" ಅಂತ ಬಾಯಿಬಿಟ್ಟು ಹೇಳಿ. ಅವರು ಲಿಫ್ಟನ್ನು ಇನ್ನೂ ನಿಧಾನ ಮಾಡುತ್ತಾರೆ. ಇದಕ್ಕೆ ಸಂಕೋಚ ಬೇಡ, ಅದು ಅವರ ಕೆಲಸದ ಭಾಗ.

ಸರಿಯಾಗಿ ಕುಳಿತುಕೊಳ್ಳಲು ಆಗದಿದ್ದರೆ?

ನೆಲ ಹತ್ತಿರವೇ ಇರುವಾಗ ಸಿಬ್ಬಂದಿ ನಿಲ್ಲಿಸುತ್ತಾರೆ. ಸುಮ್ನೆ ಬಿದ್ದ ಕಡೆಯೇ ತಗ್ಗಿ ಇರಿ, ಎದ್ದು ನಿಲ್ಲಲು ಹೋಗಬೇಡಿ. ಕುರ್ಚಿಗೆ ಜೋತು ಬೀಳುವುದಂತೂ ಬೇಡವೇ ಬೇಡ.

ಮೇಲೆ ಇಳಿಯುವಾಗ ಬಿದ್ದರೆ?

ತುಂಬ ಜನ ಬೀಳುತ್ತಾರೆ. ಹಿಂದಿನ ಕುರ್ಚಿಯವರು ಬರುತ್ತಿರುತ್ತಾರೆ, ಹಾಗಾಗಿ ಆದಷ್ಟು ಬೇಗ ಪಕ್ಕಕ್ಕೆ ತೆವಳಿ. ಬೀಳದಿರಲು ಒಂದೇ ಉಪಾಯ: ಸ್ಕೀ ತುದಿ ಎತ್ತಿ, ಗುರುತು ಬಂದಾಗ ಎದ್ದು ನಿಂತು, ನೇರ ಮುಂದಕ್ಕೆ ಜಾರಿ. ಆ ಹೊತ್ತಿಗೆ ತಿರುಗಲು ಹೋಗಬೇಡಿ, ಪಕ್ಕದವರ ತೋಳು ಹಿಡಿಯಬೇಡಿ. ಇಳಿಯುವ ಜಾಗದ ಮುಂದೆ ಎಷ್ಟು ಸಮತಟ್ಟು ಬಿಟ್ಟಿದ್ದಾರೆ ಅನ್ನುವುದು ಹೊಸಬರ ಲಿಫ್ಟ್‌ನ ಒಳ್ಳೆಯ ಪರೀಕ್ಷೆ.

ಲಿಫ್ಟ್ ನಡುದಾರಿಯಲ್ಲಿ ನಿಂತುಬಿಟ್ಟರೆ?

ಸಾಮಾನ್ಯವಾಗಿ ಕೆಳಗೋ ಮೇಲೋ ಯಾರೋ ಬಿದ್ದಿರುತ್ತಾರೆ, ಒಂದೆರಡು ನಿಮಿಷದಲ್ಲಿ ಮತ್ತೆ ಹೊರಡುತ್ತದೆ. ಕರೆಂಟು ಹೋದರೆ ಲಿಫ್ಟನ್ನು ನಿಧಾನವಾಗಿ ಓಡಿಸಿ ಎಲ್ಲರನ್ನೂ ಇಳಿಸಲು ಡೀಸೆಲ್ ಎಂಜಿನ್ ಇರುತ್ತದೆ. ಅದೂ ಆಗದಿದ್ದರೆ ಸ್ಕೀ ಪ್ಯಾಟ್ರೋಲ್‌ನವರು (ಇಳಿಜಾರಿನ ಸುರಕ್ಷತೆ ನೋಡಿಕೊಳ್ಳುವ ಸಿಬ್ಬಂದಿ) ಹಗ್ಗ ಎಸೆದು, ಒಬ್ಬೊಬ್ಬರನ್ನೇ ಕೆಳಗಿಳಿಸುತ್ತಾರೆ. ಇದಕ್ಕೆ ಅವರು ಅಭ್ಯಾಸ ಮಾಡಿರುತ್ತಾರೆ. ನೀವು ಮಾಡಬೇಕಾದ್ದು ಒಂದೇ, ಬಾರ್ ಇಳಿಸಿಕೊಂಡು ಕಾಯುವುದು. ಎಷ್ಟೇ ಹತ್ತಿರ ಕಂಡರೂ ಹಾರಬೇಡಿ. ಕೆಳಗೆ ಬರೀ ಬಿಳಿ ಇದ್ದಾಗ ಎತ್ತರ ಕಣ್ಣಿಗೆ ತಿಳಿಯುವುದಿಲ್ಲ.

ಹೊಸ ಲಿಫ್ಟ್ ಗಟ್ಟಿ ಇದೆ ಅಂತ ಹೇಗೆ ನೋಡುತ್ತಾರೆ?

ಬೇಸಿಗೆಯಲ್ಲಿ ಕಾಂಕ್ರೀಟ್ ಬುನಾದಿ ಹಾಕುತ್ತಾರೆ. ರಸ್ತೆ ಇಲ್ಲದ ಕಡೆ ಕಂಬಗಳನ್ನು ಹೆಲಿಕಾಪ್ಟರ್‌ನಲ್ಲಿ ತಂದು ಇಳಿಸುತ್ತಾರೆ. ಆಮೇಲೆ ಬರುವುದು ನನಗೆ ಇಡೀ ಕೆಲಸದಲ್ಲೇ ತುಂಬ ಇಷ್ಟವಾದ ಹಂತ. ಉಕ್ಕಿನ ಹಗ್ಗದ ಎರಡು ತುದಿ ಸೇರಿಸಿ ಒಂದೇ ಉಂಗುರ ಮಾಡಬೇಕು. ಅದಕ್ಕೆ ಗಂಟು ಹಾಕುವುದಿಲ್ಲ, ಬೆಸುಗೆಯನ್ನೂ ಹಾಕುವುದಿಲ್ಲ. ಹಗ್ಗದಲ್ಲಿರುವ ಎಳೆಗಳನ್ನು, ಸಾಮಾನ್ಯವಾಗಿ ಆರು, ಎರಡೂ ಕಡೆಯಿಂದ ಬಿಚ್ಚುತ್ತಾರೆ. ಆಮೇಲೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತಾ, ತುದಿಗಳನ್ನು ಹಗ್ಗದ ಹೊಟ್ಟೆಯೊಳಗೆ ಸೇರಿಸುತ್ತಾ ಹೋಗುತ್ತಾರೆ. ಹತ್ತಾರು ಮೀಟರ್ ಉದ್ದಕ್ಕೆ, ಜನ ಸಾಲಾಗಿ ನಿಂತು ಕೈಯಾರೆ ಹೆಣೆಯುವ ಕೆಲಸ. ಮುಗಿದ ಮೇಲೆ ಕೈಯಾಡಿಸಿ ನೋಡಿದರೂ ಜೋಡಣೆ ಎಲ್ಲಿ ಶುರುವಾಯ್ತು ಅಂತ ಸುಲಭಕ್ಕೆ ಸಿಗುವುದಿಲ್ಲ.

ಜನರನ್ನು ಕೂರಿಸುವ ಮುಂಚೆ ಕುರ್ಚಿಗಳಿಗೆ ಜನರ ತೂಕದಷ್ಟು ಭಾರ ಹೇರಿ ಓಡಿಸುತ್ತಾರೆ. ತುಂಬಿದ ಭಾರದಲ್ಲಿ ಬ್ರೇಕ್ ಹಾಕಿ ನಿಲ್ಲಿಸುತ್ತಾರೆ, ಹಿಂದಕ್ಕೆ ಜಾರದಂತೆ ತಡೆಯುವ ವ್ಯವಸ್ಥೆ ಹಿಡಿಯುತ್ತದೋ ನೋಡುತ್ತಾರೆ. ಇದೆಲ್ಲ ಮುಗಿದ ಮೇಲೇ ಬಾಗಿಲು ತೆರೆಯುವುದು.

ಹಾಗಾದರೆ ಹೇಳಿದ ದಿನಕ್ಕೆ ಯಾಕೆ ಶುರುವಾಗುವುದಿಲ್ಲ?

ಬೆಟ್ಟದ ಮೇಲೆ ಕೆಲಸ ಮಾಡಲು ಸಿಗುವುದು ಹಿಮ ಕರಗಿದ ಮೇಲಿಂದ ಮತ್ತೆ ಬೀಳುವವರೆಗಿನ ಕೆಲವೇ ತಿಂಗಳು. ಒಂದು ಬಿಡಿಭಾಗ ತಡವಾದರೆ, ಹೆಲಿಕಾಪ್ಟರ್ ಹಾರುವ ದಿನ ಗಾಳಿ ಬಂದರೆ, ಎಲ್ಲವೂ ಹಿಂದೆ ಬೀಳುತ್ತದೆ. ಪರೀಕ್ಷೆ ಮುಗಿಯದೆ ತೆರೆಯುವುದಕ್ಕಿಂತ ತಡವಾಗಿ ತೆರೆಯುವುದೇ ಸರಿ. ಟಿಕೆಟ್ ಮುಂಚೆಯೇ ಕೊಳ್ಳುವವರು ತೆರೆದ ಸುದ್ದಿ ನೋಡಿಯೇ ಕೊಳ್ಳಿ.

ಚೇರ್ ಲಿಫ್ಟ್ ಬಂದ ಮೇಲೆ ಮ್ಯಾಜಿಕ್ ಕಾರ್ಪೆಟ್ ಯಾಕೆ ಬೇಕು?

ಮ್ಯಾಜಿಕ್ ಕಾರ್ಪೆಟ್ ಅಂದರೆ ಹಿಮದ ಮಟ್ಟದಲ್ಲೇ ಚಲಿಸುವ ಅಗಲವಾದ ಪಟ್ಟಿ. ಸ್ಕೀ ಹಾಕಿಕೊಂಡು ಅದರ ಮೇಲೆ ನಿಂತರೆ ನಡೆಯುವ ವೇಗದಲ್ಲಿ ಮೇಲೆ ಕರೆದೊಯ್ಯುತ್ತದೆ. ಮೊದಲ ಕೆಲವು ಗಂಟೆಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕಾರ್ಪೆಟ್, ಆಮೇಲೆ ಚಿಕ್ಕ ಲಿಫ್ಟ್, ಆಮೇಲೆ ಉದ್ದನೆಯ ಸುಲಭ ದಾರಿ. ಮೂರೂ ಅಕ್ಕಪಕ್ಕ ಇದ್ದರೆ ಕಲಿಯುವವರು ದಾರಿ ತಪ್ಪುವುದಿಲ್ಲ.

ಕಾರ್ಪೆಟ್ ಬಿಟ್ಟು ಲಿಫ್ಟ್‌ಗೆ ಯಾವಾಗ ಹೋಗಬಹುದು?

ಮೂರು ಕೆಲಸ ಬಂದರೆ ಹೋಗಿ. ಸ್ಕೀ ಹಿಂಭಾಗ ಅಗಲಿಸಿ, ತುದಿ ಹತ್ತಿರ ತಂದು, ಬೇಕೆಂದ ಕಡೆ ನಿಲ್ಲಲು ಬರಬೇಕು. ಎರಡೂ ಕಡೆ ತಿರುಗಲು ಬರಬೇಕು. ಬಿದ್ದರೆ ಯಾರ ಸಹಾಯವೂ ಇಲ್ಲದೆ ಏಳಲು ಬರಬೇಕು. ಇದು ಮೊದಲ ದಿನವೇ ಬರಬಹುದು, ಮೂರನೇ ದಿನವೂ ಬರಬಹುದು. ಸ್ನೇಹಿತರು ಎಳೆಯುತ್ತಿದ್ದಾರೆ ಅಂತ ಹೋಗಬೇಡಿ. ಇದೊಂದನ್ನು ನಾನು ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ.

ಹಿಮ ಸಾಕಷ್ಟು ಇರುತ್ತದಾ?

ಹೊಸಬರ ಜಾಗ ಬುಡದಲ್ಲಿದ್ದರೆ ಅಲ್ಲಿ ಬಿಸಿ ಜಾಸ್ತಿ, ಹಿಮ ಬೇಗ ಕರಗುತ್ತದೆ. ಅದಕ್ಕೇ ಹಲವು ಕಡೆ ಈ ಜಾಗವನ್ನು ಬೆಟ್ಟದ ನಡುಮಟ್ಟಕ್ಕೆ ಒಯ್ಯುತ್ತಿದ್ದಾರೆ. ಅಲ್ಲಿ ಹಿಮ ಚೆನ್ನಾಗಿ ನಿಲ್ಲುತ್ತದೆ, ಹೊಸಬರಿಗೂ ಬೆಟ್ಟದ ನೋಟ ಸಿಗುತ್ತದೆ. ಆದರೆ ದಣಿದಾಗ ಲಿಫ್ಟ್‌ನಲ್ಲೇ ಕೆಳಗಿಳಿದು ಬರುವ ಅವಕಾಶ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಕೃತಕ ಹಿಮಕ್ಕೆ ನೀರು, ಒತ್ತಿದ ಗಾಳಿ, ಚಳಿ ಮೂರೂ ಬೇಕು. ಬರೀ ಥರ್ಮಾಮೀಟರ್ ನೋಡಿದರೆ ಸಾಲದು, ಗಾಳಿಯ ತೇವವೂ ಲೆಕ್ಕಕ್ಕೆ ಬರುತ್ತದೆ. ಒಣಗಾಳಿ ಇದ್ದರೆ ಶೂನ್ಯದ ಹತ್ತಿರವೂ ಹಿಮ ಆಗುತ್ತದೆ, ತೇವ ಜಾಸ್ತಿ ಇದ್ದರೆ ಇನ್ನೂ ಚಳಿ ಬೇಕು. ಹೀಗೆ ಮಾಡಿದ ಹಿಮ ಆಕಾಶದಿಂದ ಬಿದ್ದದ್ದಕ್ಕಿಂತ ದಟ್ಟ, ಹೆಚ್ಚು ದಿನ ಬಾಳುತ್ತದೆ.

ಯಾವ ಹೊತ್ತಿಗೆ ಹೋದರೆ ಒಳ್ಳೆಯದು?

ರಾತ್ರಿಯೆಲ್ಲ ಯಂತ್ರಗಳು ಹಿಮವನ್ನು ಕೆದಕಿ ಹಾಸಿರುತ್ತವೆ. ಬೆಳಗ್ಗೆ ಇಳಿಜಾರಿನ ಮೇಲೆ ಬಾಚಣಿಗೆ ಎಳೆದಂಥ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಸ್ಕೀ ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಗುಡ್ಡೆಗುಡ್ಡೆಯಾಗುತ್ತದೆ, ನಿಮ್ಮ ಕಾಲೂ ಸೋತಿರುತ್ತದೆ. ಬಿಸಿಲು ಹೊಡೆಯುವ ಕಾಲದಲ್ಲಿ ಮಾತ್ರ, ಹಗಲು ಕರಗಿದ್ದು ರಾತ್ರಿ ಹೆಪ್ಪುಗಟ್ಟಿ, ಬೆಳಗ್ಗೆ ಹಿಮ ಗಾಜಿನಂತೆ ಗಟ್ಟಿಯಾಗಿರುತ್ತದೆ. ಆಗ ಒಂದು ಗಂಟೆ ತಡವಾಗಿ ಹೋಗಿ.

ಅನುಭವ ಇರುವವರೂ ಈ ಜಾಗಕ್ಕೆ ಬರುತ್ತಾರಾ?

ಬರುತ್ತಾರೆ, ಬರಲೂಬಹುದು, ಆದರೆ ನಿಧಾನವಾಗಿ. ಅಂತಾರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟ ಎಫ್‌ಐಎಸ್‌ನ 10 ನಡವಳಿಕೆ ನಿಯಮಗಳಲ್ಲಿ ಒಂದು ಹೊಸಬರಿಗೆ ದೊಡ್ಡ ಆಸರೆ: ಹಿಂದಿನಿಂದ ಬರುವವರೇ ಮುಂದಿರುವವರನ್ನು ತಪ್ಪಿಸಿ ಹೋಗಬೇಕು. ನೀವು ಹಿಂದೆ ಹಿಂದೆ ನೋಡುತ್ತಾ ಇಳಿಯಬೇಕಾಗಿಲ್ಲ. ಹೊರಡುವ ಮುಂಚೆ ಮಾತ್ರ ಮೇಲಕ್ಕೊಮ್ಮೆ ನೋಡಿ. ಕಿರಿದಾದ ಕಡೆ, ತಿರುವಿನ ಮರೆಯಲ್ಲಿ ನಿಲ್ಲಬೇಡಿ.

ಸ್ನೋಬೋರ್ಡ್ ಕಲಿಯುವವರಿಗೆ?

ಜಾಗ ಅದೇ, ತೊಂದರೆ ಬೇರೆ. ಇಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತದೆ. ಲಿಫ್ಟ್ ಇಳಿಯುವಾಗ ಒಂದು ಕಾಲು ಬಿಚ್ಚಿರುತ್ತದೆ, ಅದನ್ನು ಬೋರ್ಡಿನ ಮೇಲೇ ಇಟ್ಟು ಜಾರುವುದನ್ನು ಕೆಳಗೇ ಅಭ್ಯಾಸ ಮಾಡಿ. ತೀರಾ ಸಮತಟ್ಟಾದ ಉದ್ದ ದಾರಿ ಇದ್ದರೆ ಬೋರ್ಡಿನವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಏನೇನು ಬೇಕು?

ಬಾಡಿಗೆಗೆ ತೆಗೆದುಕೊಳ್ಳುವಾಗ ತೂಕ, ಎತ್ತರ, ವಯಸ್ಸು ನಿಜ ಹೇಳಿ. ಬಿದ್ದಾಗ ಬೂಟು ಸ್ಕೀಯಿಂದ ಬಿಟ್ಟುಕೊಳ್ಳುವ ಬಿಗಿತವನ್ನು ಅದರ ಮೇಲೇ ಹೊಂದಿಸುತ್ತಾರೆ. ತೂಕ ಕಡಿಮೆ ಹೇಳಿದರೆ ಬೂಟು ಬೇಡದ ಹೊತ್ತಿಗೆ ಬಿಟ್ಟುಕೊಳ್ಳಬಹುದು; ಚೆನ್ನಾಗಿ ಬರುತ್ತದೆ ಅಂತ ಸುಳ್ಳು ಹೇಳಿದರೆ ಬಿದ್ದಾಗಲೂ ಬಿಡದೆ ಮೊಣಕಾಲಿಗೆ ಪೆಟ್ಟಾಗಬಹುದು. ಹೆಲ್ಮೆಟ್ ಬೇಕೇ ಬೇಕು. ಕಣ್ಣಿಗೆ ಗಾಗಲ್ಸ್, ಮುಖಕ್ಕೆ ಸನ್‌ಸ್ಕ್ರೀನ್ ಕೂಡ. ಹೊಸ ಹಿಮ ನೇರಳಾತೀತ ಕಿರಣದಲ್ಲಿ ಶೇ 80ರವರೆಗೂ ವಾಪಸ್ ಹೊಡೆಯುತ್ತದೆ, ಮೋಡ ಇದ್ದರೂ ಸುಡುತ್ತದೆ.

ಹೊಸ ದಾರಿಗೆ ಮರ ಕಡಿಯುತ್ತಾರಲ್ವಾ?

ಹೌದು, ಎಷ್ಟೋ ಕಡೆ ಕಡಿಯುತ್ತಾರೆ. ಇದನ್ನು ಮುಚ್ಚಿಡಬಾರದು. ಮರ ಹೋದ ಇಳಿಜಾರಿನಲ್ಲಿ ಹಿಮ ಕರಗಿದ ನೀರು ಜೋರಾಗಿ ಇಳಿದು ಮಣ್ಣು ಕೊಚ್ಚುತ್ತದೆ. ಅದನ್ನು ತಡೆಯಲು ಹುಲ್ಲು ಬಿತ್ತಬೇಕು, ನೀರನ್ನು ಪಕ್ಕಕ್ಕೆ ತಿರುಗಿಸುವ ಅಡ್ಡ ಕಾಲುವೆ ಮಾಡಬೇಕು. ಕೃತಕ ಹಿಮಕ್ಕೆ ನೀರು ಎಲ್ಲಿಂದ ತರುತ್ತಾರೆ ಅನ್ನುವುದೂ ಕೇಳಬೇಕಾದ ಪ್ರಶ್ನೆ. ಹಳೆಯ ದಾರಿಯನ್ನೇ ಅಗಲ ಮಾಡಿ, ಹಳೆಯ ಲಿಫ್ಟ್‌ನ ಸಾಲಿನಲ್ಲೇ ಹೊಸದನ್ನು ಹಾಕುವ ಯೋಜನೆಗಳು ನನಗೆ ಹೆಚ್ಚು ಸರಿ ಅನ್ನಿಸುತ್ತವೆ.

ಮಕ್ಕಳನ್ನು ಎಷ್ಟನೇ ವಯಸ್ಸಿಗೆ ಕರೆತರಬಹುದು?

ಹಲವು ಸ್ಕೀ ಶಾಲೆಗಳು 3–4 ವರ್ಷದಿಂದ ಸೇರಿಸಿಕೊಳ್ಳುತ್ತವೆ. ಚೇರ್ ಲಿಫ್ಟ್‌ನಲ್ಲಿ ಚಿಕ್ಕ ಮಕ್ಕಳು ಒಬ್ಬರೇ ಕೂರುವುದು ಬೇಡ, ದೊಡ್ಡವರು ಪಕ್ಕದಲ್ಲೇ ಇರಲಿ.

ಹೋಗುವ ಮುಂಚೆ ನಕ್ಷೆಯಲ್ಲಿ ಏನು ನೋಡಬೇಕು?

ಹೊಸ ಲಿಫ್ಟ್‌ನ ಮೇಲಿನ ತುದಿಯ ಮೇಲೆ ಬೆರಳಿಡಿ. ಅಲ್ಲಿಂದ ಹಸಿರು ಗೆರೆಯನ್ನು (ಯುರೋಪಿನಲ್ಲಾದರೆ ಹಸಿರು ಅಥವಾ ನೀಲಿ) ಹಿಡಿದು ಕೆಳಗೆ ಬನ್ನಿ. ಬೆರಳು ಎಲ್ಲಾದರೂ ಕಷ್ಟದ ದಾರಿಯ ಗೆರೆಯನ್ನು ದಾಟಿತಾ? ದಾಟಿದರೆ ಆ ಜಾಗವನ್ನು ನೆನಪಿಟ್ಟುಕೊಂಡು, ಬೆಳಗ್ಗೆ ಸ್ಕೀ ಪ್ಯಾಟ್ರೋಲ್‌ನವರನ್ನು ಕೇಳಿ: "ಇಲ್ಲಿ ಹೊಸಬರು ಹೇಗೆ ದಾಟುತ್ತಾರೆ?" ದಿನವಿಡೀ ಅಲ್ಲೇ ಇರುವವರು ಅವರು. ಬಳಸಿಕೊಂಡು ಹೋಗುವ ದಾರಿ ಇದ್ದರೆ ನಿಮ್ಮ ನಕ್ಷೆಯ ಮೇಲೆ ಅವರೇ ಗೆರೆ ಎಳೆದು ತೋರಿಸುತ್ತಾರೆ.